ಗುಂಡಿಯಕ್ಕ ಕತ್ತರಿ ಹಿಡಿದ ವಾರ

ನಮ್ಮ ಹೊಲಿಗೆ ಕೋಣೆಯಲ್ಲಿ ಅವಳಷ್ಟು ಬಾಯಿಲ್ಲದ ಹೆಂಗಸು ಇನ್ನೊಬ್ಬಳಿರಲಿಲ್ಲ. ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು, ಅದಕ್ಕೇ ಎಲ್ಲರಿಗೂ ಗುಂಡಿಯಕ್ಕ. ನನಗಿಂತ ಚಿಕ್ಕವಳಾದ್ದರಿಂದ ನಾನು ಕರೆಯುತ್ತಿದ್ದದ್ದು ಬರೀ ಗುಂಡಿ ಅಂತ. ಬಿಡುವಾದಾಗ ಕಿಟಕಿಯ ಮೇಲಿದ್ದ ಕಡಜದ ಗೂಡು ನೋಡುತ್ತ ಕೂರುವಳು. ಗೂಡು ಕೆಡವಲು ನಾನು ಪೊರಕೆ ಎತ್ತಿದಾಗ ಮಾತ್ರ ಅಡ್ಡ ನಿಂತಿದ್ದಳು: "ಅವು ನಿಮ್ಮ ತಂಟೆಗೆ ಬಂದಿದಾವಾ?"

ಒಂದು ದಿನ ಹಲ್ಲಿ ಆ ಗೂಡಿನ ರಾಣಿಯನ್ನೇ ನುಂಗಿತು. ಮೊಟ್ಟೆಯಿಡುತ್ತಿದ್ದದ್ದು ಅದೊಂದೇ. ಸ್ವಲ್ಪ ಹೊತ್ತಿಗೆಲ್ಲ, ಮೂಲೆಯಲ್ಲಿ ತೆಪ್ಪಗಿದ್ದ, ರೆಕ್ಕೆಯ ತುದಿ ಹರಿದ ಕಡಜವೊಂದಕ್ಕೆ ಎಲ್ಲಿಲ್ಲದ ಆವೇಶ ಬಂತು. ಸಿಕ್ಕಸಿಕ್ಕವನ್ನು ಕಚ್ಚಿತು, ಅಟ್ಟಾಡಿಸಿತು. ಉಳಿದವು ತಲೆ ತಗ್ಗಿಸಿದವೇ ಹೊರತು ಒಂದೂ ತಿರುಗಿ ಬೀಳಲಿಲ್ಲ. ವಾರದೊಳಗೆ ಅದು ತಣ್ಣಗಾಗಿ, ಮೊಟ್ಟೆಯಿಡತೊಡಗಿತು. ಕೀಟಗಳ ಬಗ್ಗೆ ಓದುತ್ತಿರುವ ನನ್ನ ಮಗಳು ಹೇಳಿದಳು: "ಈ ಜಾತೀಲಿ ಎಲ್ಲಾ ನೋಡೋಕೆ ಒಂದೇ ಥರ ಅಮ್ಮ. ಮುಂದಿನ ರಾಣಿ ಯಾರು ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಅವಕ್ಕೆ ಮಾತ್ರ ಮೊದಲೇ ಗೊತ್ತಿರೋ ಹಾಗಿದೆ."

ಕೆಲವು ತಿಂಗಳಲ್ಲಿ ನಮ್ಮ ದೊಡ್ಡಮ್ಮನ ಕಣ್ಣು ಮಂಜಾಯಿತು. ಬಟ್ಟೆ ಕತ್ತರಿಸಿ, ಕೆಲಸ ಹಂಚಿ ಕೋಣೆ ನಡೆಸುತ್ತಿದ್ದವರು ಅವರು. ಕತ್ತರಿ ಮೇಜಿನ ಮೇಲಿಟ್ಟು ಮನೆಗೆ ಹೋಗಿಬಿಟ್ಟರು. ಶಾಲಾ ಸಮವಸ್ತ್ರದ ಕೆಲಸ ರಾಶಿ ಬಿದ್ದಿತ್ತು. ವಾರದಲ್ಲಿ ಮುಗಿಯದಿದ್ದರೆ ಕೋಣೆಗೆ ಬೀಗ ಎಂದ ಮಾಲೀಕ. ಮುಂದಿನ ಯಜಮಾನಿ ನಾನೇ, ಅದರಲ್ಲಿ ನನಗೆ ಎರಡು ಮಾತಿರಲಿಲ್ಲ. ಎಲ್ಲರಿಗಿಂತ ಹಳಬಳು, ಬಾಯಿಯೂ ನನ್ನದೇ ದೊಡ್ಡದು. ಕೂದಲು ಗಂಟು ಹಾಕಿಕೊಂಡು ನಾನು ಏಳುವಷ್ಟರಲ್ಲಿ ಕತ್ತರಿ ಗುಂಡಿಯಕ್ಕನ ಕೈಯಲ್ಲಿತ್ತು!

"ಏನ್ ನೋಡ್ತಾ ಕೂತಿದೀರ? ಕಾಲರೆಲ್ಲಾ ಈ ಕಡೆ ಹಾಕಿ! ಏಯ್, ನೀನು ತೋಳು ಹೊಲಿ!"

'ಏಯ್' ಅಂದದ್ದು ನನಗೆ. ವಾರವಿಡೀ ಕೂಗಾಡಿದಳು, ಸೊಟ್ಟಗಿದ್ದ ಹೊಲಿಗೆ ಬಿಚ್ಚಿಸಿದಳು, ಚಹಾ ಆರಿದರೂ ಏಳಗೊಡಲಿಲ್ಲ. ನನಗೆ ಮೈಯೆಲ್ಲ ಉರಿ. ಉಳಿದವರು ಯಾರೂ ತುಟಿಪಿಟಕ್ ಎನ್ನಲಿಲ್ಲ. ಸಮವಸ್ತ್ರಗಳು ಹೊತ್ತಿಗೆ ಸರಿಯಾಗಿ ಹೋದವು, ಕೋಣೆ ಉಳಿಯಿತು. ಮರುದಿನವೇ ಅವಳ ದನಿ ತಗ್ಗಿತು. ಈಗ ಕಣ್ಣೆತ್ತಿ ನೋಡಿದರೆ ಸಾಕು, ಕೆಲಸ ಸಾಗುತ್ತದೆ.

ತಡೆಯಲಾರದೆ ಇಸ್ತ್ರಿಯವಳನ್ನು ಕೇಳಿದೆ: "ಅಷ್ಟು ಬೈದ್ರೂ ಯಾಕ್ರೇ ಸುಮ್ನಿದ್ರಿ?"

"ದೊಡ್ಡಮ್ಮನ ನಂತರ ಅವಳೇ ಅಂತ ಎಲ್ರಿಗೂ ಗೊತ್ತಿತ್ತಲ್ಲಕ್ಕಾ," ಎಂದಳು ಅವಳು, ಪೆಟ್ಟಿಗೆಯಿಂದ ಕಣ್ಣು ಕೂಡ ಎತ್ತದೆ.

ಎಲ್ಲರಿಗೂ! ಮಗಳು ಹೇಳಿದ ಹೊರಗಿನವರ ಸಾಲಿನಲ್ಲಿ ನಾನೂ ಇದ್ದೆ, ಇಷ್ಟು ವರ್ಷ ಅದೇ ಕೋಣೆಯೊಳಗೆ ಕೂತು. ನೋವಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ನನ್ನ ಮೇಲೇ ನಗು ಬಂತು. ಹೊಸದಾಗಿ ಬಂದ ಅಂಗಿಗಳಿಗೆ ಹೊಲಿದಿಟ್ಟ ತೋಳುಗಳನ್ನು ಎತ್ತಿಕೊಂಡು ಅವಳ ಮೇಜಿನ ಹತ್ತಿರ ಹೋದೆ.

"ಮುಗೀತು," ಎಂದೆ. "ಇನ್ನೇನು ಮಾಡ್ಲಿ ಅಕ್ಕಾ?"