ದಾರಂದದ ಮೇಲಿನ ಸೀಮೆಸುಣ್ಣದ ಗೆರೆಗಳು

ಮಕ್ಕಳೇ, ಪಸಡೀನಾದ ಈ ಮನೆಯನ್ನು ನಿಮ್ಮ ಅಮ್ಮ, ಅಪ್ಪ ಕೊಂಡಾಗ ನನಗೆ ಇಷ್ಟವಾಗಿರಲಿಲ್ಲ. ಕೆಂಪು ಹೆಂಚು, ದಪ್ಪ ಬಿಳಿ ಗೋಡೆ, ಕಮಾನುಗಳಿರುವ ಇಂಥದ್ದನ್ನು ಇಲ್ಲಿ ಸ್ಪ್ಯಾನಿಷ್ ಮನೆ ಎನ್ನುತ್ತಾರೆ. ಗೋಡೆಯ ಬಣ್ಣ ಪದರ ಪದರವಾಗಿ ಏಳುತ್ತಿತ್ತು. ನೆಲದ ಚಂದದ ಮಣ್ಣಿನ ಬಿಲ್ಲೆಗಳ ಮೇಲೆ ಯಾರೋ ಕಾರ್ಪೆಟ್ ಅಂಟಿಸಿದ್ದರು. ನಿಮ್ಮ ಅಮ್ಮನಿಗೆ ಮಾತ್ರ ಎಲ್ಲಿಲ್ಲದ ಹುರುಪು. ಸ್ಯಾನ್ ಡಿಯಾಗೋದಲ್ಲಿ ನಮ್ಮ ಕಡೆಯ ಹಳೆಯ ಮರದ ಸಾಮಾನು ಮಾರುವವನನ್ನು ಹುಡುಕಿ, ದೇವರ ಕೋಣೆಗೆಂದು ಒಂದು ಸಾಗುವಾನಿ ಬಾಗಿಲನ್ನು ದಾರಂದದ ಸಮೇತ ತಂದಳು. ದಾರಂದ ಎಂದರೆ ಬಾಗಿಲು ಕೂರುವ ಚೌಕಟ್ಟು. ಅದರ ಕೆಳಗಿನ ಮರವೇ ಹೊಸ್ತಿಲು.

ಕೂರಿಸಲು ಬಂದ ಬಡಗಿ ಹಿರಿಯ ಮನುಷ್ಯ, ಮಾತು ಕಡಿಮೆ. ದಾರಂದ ನೇರ, ಗೋಡೆ ಸೊಟ್ಟ. ಎಲ್ಲಿ ಎಷ್ಟು ಕೊಯ್ಯಬೇಕೆಂದು ಎರಡು ದಿನ ಮೊಣಕಾಲೂರಿ ಅಳೆದು, ಗುರುತು ಹಾಕಿ, ಚೌಕಟ್ಟನ್ನು ಕೋಣೆಯ ಎದುರು ಒರಗಿಸಿ ನಿಲ್ಲಿಸಿದ. ಶನಿವಾರ ಬಂದು ಕೊಯ್ಯುತ್ತೇನೆ ಎಂದು ಹೋದ.

ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ ಬಂದಾಗ ಹೊಸ್ತಿಲು ಕಣ್ಣಿಗೆ ಬಿತ್ತು. ಅದರ ಮೇಲೆಲ್ಲ ಬಿಳಿ ಧೂಳು. ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಅರಸಿನ ಹಚ್ಚಿ, ಕುಂಕುಮ ಇಟ್ಟೆ. ನಮ್ಮೂರಲ್ಲಿ ಗಂಡ ಹೋದವರು ಹೊಸ್ತಿಲಿಗೆ ಪೂಜೆ ಮಾಡುವುದಿಲ್ಲ. ನಿಮ್ಮ ಅಜ್ಜ ಹೋದ ಮೇಲೆ ನಾನೂ ಬಿಟ್ಟಿದ್ದೆ. ಅದಕ್ಕೇ ಯಾರೂ ಏಳುವ ಮುಂಚೆ ಕದ್ದು ಮಾಡಿದೆ.

ಮಧ್ಯಾಹ್ನ ನಿಮ್ಮಲ್ಲಿ ದೊಡ್ಡವಳು ಶಾಲೆಯಿಂದ ಬಂದವಳೇ ನಿಂತುಬಿಟ್ಟಳು. “ಅಜ್ಜಿ, ವೇರ್ ಆರ್ ದ ಲೈನ್ಸ್?”

“ಯಾವ ಲೈನು?”

“ಕಾರ್ಪೆಂಟರ್ ಹಾಕಿದ್ದು! ಚಾಕ್‌ನಲ್ಲಿ! ಫಾರ್ ಕಟಿಂಗ್!”

ನಾನು ಧೂಳೆಂದು ಒರೆಸಿದ್ದು ಅವನ ಎರಡು ದಿನದ ಕೆಲಸ. ಸಂಜೆ ಹೇಳಿಬಿಡಬೇಕೆಂದುಕೊಂಡೆ. ಆದರೆ ನಿಮ್ಮ ಅಮ್ಮ ಅರಸಿನ ಕಂಡು, “ಅಮ್ಮಾ, ನೀನು ಹಚ್ಚಿದ್ದಾ? ಎಷ್ಟು ಚಂದ ಕಾಣ್ತದೆ!” ಎಂದು ನನ್ನ ಹೆಗಲು ಹಿಡಿದು ಕಣ್ಣೊರೆಸಿಕೊಂಡಳು. ಗೆರೆಯ ವಿಷಯ ನನ್ನಲ್ಲೇ ಉಳಿಯಿತು.

ಶನಿವಾರ ನಿಮ್ಮ ಅಮ್ಮ, ಅಪ್ಪ ಚಿಕ್ಕವನನ್ನು ಕರೆದುಕೊಂಡು, ಬೀಟೆಯ ಕಪಾಟು ತರಲು ಬೇಗನೆ ಸ್ಯಾನ್ ಡಿಯಾಗೋಗೆ ಹೊರಟರು. ಬಡಗಿ ಗರಗಸ ಹಿಡಿದು ಬಂದ. ನಾನು ಸುಮ್ಮನಿದ್ದರೆ ಅವನು ಅಂದಾಜಿನ ಮೇಲೆ ಕೊಯ್ದಾನು. ಅಂಥ ಇನ್ನೊಂದು ದಾರಂದ ಎಲ್ಲಿಂದ ತರುವುದು? ದೊಡ್ಡವಳ ಕೈ ಹಿಡಿದುಕೊಂಡೆ.

“ಗೆರೆ ಅಳಿಸಿದ್ದು ಅಜ್ಜಿ ಅಂತ ಹೇಳು.”

“ಯೂ ಟೆಲ್ ಹಿಮ್. ಯೂ ಡಿಡ್ ಇಟ್!”

“ನಂಗೆ ಇಂಗ್ಲಿಷ್ ಬರ್ತದಾ ಮಾರಾಯ್ತಿ? ನೀನು ಹೇಳು, ನಾನು ಪಕ್ಕದಲ್ಲಿ ನಿಲ್ತೇನೆ.”

ಅವಳು ಹೇಳಿದಳು. ನಾನು ಗಾಳಿಯಲ್ಲಿ ಒರೆಸಿ ತೋರಿಸಿ, ನನ್ನ ಎದೆ ಮುಟ್ಟಿಕೊಂಡೆ. ಅವನು ಹೊಸ್ತಿಲು ನೋಡಿದ, ನನ್ನನ್ನು ನೋಡಿದ, ಸರ್ರನೆ ಹೊರಗೆ ನಡೆದ. ಕೋಪ ಮಾಡಿಕೊಂಡು ಹೋದನೆಂದೇ ತಿಳಿದೆ.

ತಿರುಗಿ ಬಂದಾಗ ಅವನ ಕೈಯಲ್ಲಿ ಒಂದು ಉದ್ದನೆಯ ಮರದ ಪಟ್ಟಿ ಇತ್ತು. ಅದರ ತುಂಬ ಪೆನ್ಸಿಲ್ ಗುರುತು. ಹೊಸ್ತಿಲಿನ ಮೇಲೆ ಅದನ್ನಿಟ್ಟು ಒಂದೊಂದೇ ಗೆರೆ ಮತ್ತೆ ಎಳೆಯುತ್ತ ಹೋದ. ಏನೋ ಹೇಳಿದ, ದೊಡ್ಡವಳು ಬಿದ್ದು ಬಿದ್ದು ನಕ್ಕಳು.

“ಅಜ್ಜಿ, ಚಾಕ್‌ನ ಅವ್ರು ನಂಬೋದೇ ಇಲ್ವಂತೆ. ಎಲ್ಲಾ ಮನೇಲೂ ಯಾರಾದ್ರೂ ಅಳಿಸ್ತಾರಂತೆ. ಲಾಸ್ಟ್ ಟೈಮ್ ನಾಯಿ ನೆಕ್ತಂತೆ! ಯೂ ಡಿಡ್ ಅ ಬೆಟರ್ ಜಾಬ್ ಅಂತೆ!”

ನನಗೂ ನಗು ತಡೆಯಲಾಗಲಿಲ್ಲ. ನಮ್ಮೂರಿನ ಆಚಾರಿಯೂ ಮನೆಯ ಅಳತೆಯನ್ನೆಲ್ಲ ಹೀಗೆ ಒಂದು ಕೋಲಿನ ಮೇಲೆ ಇಟ್ಟುಕೊಳ್ಳುತ್ತಿದ್ದ ಎಂದು ಅವನಿಗೆ ಹೇಳಬೇಕೆನಿಸಿತು. ಅರಸಿನದ ಮೇಲೆ ಗರಗಸ ಇಡಬಹುದೇ ಎಂದು ಅವನು ಸನ್ನೆಯಲ್ಲೇ ಕೇಳಿದ. ಇಡು ಎಂದು ತಲೆಯಾಡಿಸಿದೆ.

ಗರಗಸದ ಸದ್ದು ಶುರುವಾದದ್ದೇ ನನಗೆ ವಿಪರೀತ ಹಸಿವಾಯಿತು. ಹಿಂದಿನ ದಿನದಿಂದ ಗಂಟಲಲ್ಲಿ ಏನೂ ಇಳಿದಿರಲಿಲ್ಲ. ಅಡುಗೆಮನೆಗೆ ಹೋಗಿ ನಿಂತುಕೊಂಡೇ ಎರಡು ನೀರುದೋಸೆ ತಿಂದೆ. ಮೂರನೆಯದಕ್ಕೆ ಬೆಲ್ಲ, ಕಾಯಿತುರಿ ಹಾಕಿಕೊಂಡು ಕುರ್ಚಿ ಎಳೆದು ಕುಳಿತೆ.