ಅಕ್ಕಯ್ಯಮ್ಮನ ಎಡಗಣ್ಣು

ಚಿಕ್ಕಬಾಣಾವರದ ಹಳೇ ಊರಿನಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎಣ್ಣೆನೀರು ಹಾಕಿದವಳು ಅಕ್ಕಯ್ಯಮ್ಮ. ಕೆಲವು ವರ್ಷಗಳಿಂದ ಅವಳ ಎಡಗಣ್ಣು ಸೋರುವುದು ನಿಂತಿರಲಿಲ್ಲ. ಮೂಗಂತೂ ಸದಾ ಕಟ್ಟಿಕೊಂಡೇ ಇರುತ್ತಿತ್ತು. ಹಂಡೆ ಒಲೆಯ ಹೊಗೆ ಎಂದುಕೊಂಡು ಸೆರಗಿನಲ್ಲಿ ಒರೆಸಿಕೊಂಡೇ ಕಾಲ ಹಾಕಿದ್ದಳು. ಮಗಳು ನಂದಿತಾ ಹೆತ್ತಾಗ, ಊರ ಮಕ್ಕಳನ್ನೆಲ್ಲ ಮಲಗಿಸಿಕೊಂಡ ಈ ಕಾಲುಗಳ ಮೇಲೆ ಇನ್ನು ತನ್ನದೇ ಮೊಮ್ಮಗಳು ಎಂದು ಹಿಗ್ಗಿದಳು.

ಕೂಸಿಗೆ ತಿಂಗಳಾಗುವಷ್ಟರಲ್ಲಿ ಅದರ ಎಡಗಣ್ಣೂ ಒಸರತೊಡಗಿತು. ಬೆಳಗಾದರೆ ಗೀಜು ಅಂಟಿ ರೆಪ್ಪೆ ಬಿಡಿಸಲಾಗುತ್ತಿರಲಿಲ್ಲ. ಅಕ್ಕಯ್ಯಮ್ಮ ಎಂದಿನಂತೆ ಅದರ ಮೂಗಿಗೆ ಹರಳೆಣ್ಣೆ ಬಿಟ್ಟು ಊದಿದಳು. ಗುಣ ಕಾಣಲಿಲ್ಲ.

ಯಲಹಂಕದಿಂದ ನೋಡಲು ಬಂದ ಬೀಗಿತಿ ಆಶಾರಾಣಿ, ಮೊದಲು ಕೂಸಿನ ಮುಖ ನೋಡಿದಳು, ಆಮೇಲೆ ಅಕ್ಕಯ್ಯಮ್ಮನದು.

"ಏನ್ರೀ ಬೀಗ್ತಿ, ಚಿನ್ನ ಹಾಕ್ತೀರಾ ಅಂದ್ಕೊಂಡ್ರೆ ಕಣ್ಣೇ ಉಡುಗೊರೆ ಕೊಟ್ಟಿದ್ದೀರಲ್ಲ! ಇದು ಅಂಟೋದಾದ್ರೆ ತಾಯಿ ಮಗೂನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ."

ಮಾರನೆಯ ದಿನ ಕೂಸನ್ನೆತ್ತಿಕೊಂಡು ಮೂವರೂ ಬಾಗಲಗುಂಟೆಯ ಕಣ್ಣಿನ ಡಾಕ್ಟರ ಬಳಿ ಹೋದರು. ಡಾಕ್ಟರಮ್ಮ ಅಜ್ಜಿ ಮೊಮ್ಮಗಳಿಬ್ಬರನ್ನೂ ನೋಡಿದರು.

"ಕಣ್ಣೀರು ಸಣ್ಣ ನಾಳದಲ್ಲಿ ಮೂಗಿಗೆ ಇಳೀಬೇಕು. ಮಗೂಗೆ ಹುಟ್ತಾನೇ ಆ ದಾರಿ ತೆರೆದಿಲ್ಲ. ನಾನು ತೋರಿಸೋ ಹಾಗೆ ಮೂಗಿನ ಪಕ್ಕ ಮೆಲ್ಲಗೆ ಒತ್ತಿ. ಹೆಚ್ಚಿನ ಮಕ್ಕಳಿಗೆ ವರ್ಷದೊಳಗೆ ತಾನೇ ಬಿಟ್ಕೊಳ್ಳುತ್ತೆ. ಮೂಗಿಗೆ ಎಣ್ಣೆ ಮಾತ್ರ ಬೇಡ, ಶ್ವಾಸಕೋಶಕ್ಕೆ ಹೋಗುತ್ತೆ. ಅಜ್ಜಿ, ನಿಮ್ದು ಬೇರೆ. ಹಳೇ ಸೈನಸ್, ಒಳಗೆ ಊದ್ಕೊಂಡು ನಾಳ ಕಟ್ಟಿರೋ ಹಾಗಿದೆ. ಸ್ಕ್ಯಾನ್ ಮಾಡ್ಸಿ, ಮೂಗಿನ ಡಾಕ್ಟ್ರಿಗೂ ತೋರ್ಸಿ."

"ಇವ್ರಿಂದ ಅಂಟಿದ್ದಲ್ವಾ?" ಆಶಾರಾಣಿ ಕೇಳಿದಳು.

"ಖಂಡಿತ ಅಲ್ಲಮ್ಮ."

ಅಕ್ಕಯ್ಯಮ್ಮನ ಎದೆ ಹಗುರಾಯಿತು. ಮನೆಗೆ ಬಂದವಳೇ ಹಂಡೆಗೆ ಉರಿ ಹಾಕಿ ಒಳಗೆ ಹೋದರೆ, ನಂದಿತಾ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು.

"ಯಾಕವ್ವಾ? ಅಂಟಾಕಿಲ್ಲ ಅಂದ್ರಲ್ಲ. ಎಣ್ಣೆ ಬಿಡಾಕಿಲ್ಲ, ಬರೀ ನೀರು ಉಯ್ತೀನಿ."

"ಅಂಟಲ್ಲಮ್ಮ. ನೀನು ಬಗ್ಗಿದ್ರೆ ಆ ಕಣ್ಣಿಂದ ನನ್ನ ಮಗು ಮುಖದ ಮೇಲೆ ತೊಟ್ಟಿಕ್ಕುತ್ತೆ. ನಂಗೆ ಅಸಹ್ಯ ಆಗುತ್ತೆ."

ಬಾಗಿಲಿಗೆ ಆಟೋ ಬಂತು. ಆಶಾರಾಣಿ ಕೂಸನ್ನೆತ್ತಿಕೊಂಡಳು.

"ಒಂದ್ ಗಳಿಗೆ ಕೊಡಿ, ಎತ್ಕತ್ತೀನಿ," ಎಂದು ಅಕ್ಕಯ್ಯಮ್ಮ ಕೈಚಾಚಿದಳು.

ಆಶಾರಾಣಿ ಕೂಸಿನ ಮುಖದ ಮೇಲೆ ಟವೆಲ್ ಎಳೆದಳು. "ಹೊರಡೋ ಹೊತ್ತಲ್ಲಿ ಎದುರಿಗೆ ಕಣ್ಣೀರು ಬೇಡ ಬೀಗ್ತಿ. ಸ್ವಲ್ಪ ಒಳಗೆ ಹೋಗಿ."

ಅಕ್ಕಯ್ಯಮ್ಮ ಮಗಳ ಮುಖ ನೋಡಿದಳು.

"ಹೋಗಮ್ಮ," ಎಂದಳು ನಂದಿತಾ, "ಬಾಗ್ಲು ಹಾಕ್ಕೋ."

ಅಕ್ಕಯ್ಯಮ್ಮ ಒಳಗೆ ಹೋಗಿ ತಾನೇ ಚಿಲಕ ಹಾಕಿಕೊಂಡಳು.