ಅಕ್ಕನ ಪಕ್ಕ ಕೂತು ಆಡಿದ ಆಟ

ಎರಡು ವರ್ಷದ ಹಿಂದಿನ ಆಟಿ ತಿಂಗಳು, ಎಂದರೆ ಆಷಾಢದ ಮಳೆಗಾಲ. ಕಾಪುವಿನ ನಮ್ಮ ಅತ್ತೆಯ ಮನೆಯ ಚಾವಡಿಯಲ್ಲಿ ಎಂಟು ಮಂದಿ ಚಾಪೆ ಹಾಸಿ ಇಸ್ಪೀಟು ಆಡಲು ಕೂತಿದ್ದೆವು. ಗೆದ್ದವರಿಗೆ ಬಹುಮಾನ ಅಜ್ಜಿಯ ಚೆನ್ನೆಮಣೆ. ಆ ದಿನವನ್ನು ನೆನೆದರೆ ಈಗಲೂ ನನ್ನ ಎಡ ಭುಜ ಬೆಚ್ಚಗಾಗುತ್ತದೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಚೆನ್ನೆಮಣೆ ಎಂದರೆ ಎರಡು ಸಾಲು ಗುಳಿ ಕೊರೆದ ಮರದ ಮಣೆ. ಗುಳಿಗಳಲ್ಲಿ ಮಂಜೊಟ್ಟಿ ಎಂಬ ಕೆಂಪು ಬೀಜ ಹಾಕಿ ಇಬ್ಬರು ಆಡುವುದು. ನಮ್ಮ ಕಡೆ ಆಟಿಯಲ್ಲಿ ಮಾತ್ರ ಅದನ್ನು ಅಟ್ಟದಿಂದ ಇಳಿಸುತ್ತಾರೆ. ಅಜ್ಜಿ ಕಣ್ಣು ಹೋದ ಮೇಲೂ ಬೆರಳಲ್ಲೇ ಗುಳಿ ತಡಕಿ ಆಡುತ್ತಿದ್ದರು. ಒಂದು ಆಟ ಅಕ್ಕನ ಜೊತೆ, ಒಂದು ಆಟ ನನ್ನ ಜೊತೆ. ಆದರೆ ನಮ್ಮಿಬ್ಬರನ್ನು ಯಾವತ್ತೂ ಎದುರುಬದುರು ಕೂರಿಸಲಿಲ್ಲ. ಅಕ್ಕ ತಂಗಿ ಚೆನ್ನೆ ಆಡಿದರೆ ಜಗಳವಾಗಿ ಸಂಬಂಧ ಮುರಿಯುತ್ತದೆ ಎಂದು ನಮ್ಮ ಹಿರಿಯರ ನಂಬಿಕೆ.

ಅಜ್ಜಿ ಹೋದ ಮೇಲೆ ಮಣೆ ಅತ್ತೆಯ ಬಳಿ ಉಳಿಯಿತು. ಅದು ಅಕ್ಕನಿಗೂ ಬೇಕಿತ್ತು, ನನಗೂ ಬೇಕಿತ್ತು. ಅಕ್ಕ ಕಾರ್ಕಳದಲ್ಲಿ ಹೊಸ ಮನೆ ಕಟ್ಟಿಸಿದ್ದಳು. ನಡುಮನೆಯ ಗಾಜಿನ ಶೋಕೇಸಿನಲ್ಲಿ ಬಲ್ಬು ಹಾಕಿ ಮಣೆಯನ್ನು ಇಡಬೇಕೆಂದು ಅವಳ ಆಸೆ. ಅಜ್ಜಿ ಅಷ್ಟು ವರ್ಷ ಆಡಿದ ಮಣೆಯನ್ನು ಗಾಜಿನೊಳಗೆ ಬೀಗ ಹಾಕಿ ಕೂರಿಸುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತೆ ಇಬ್ಬರಿಗೂ ಒಂದೇ ಉತ್ತರ ಕೊಟ್ಟರು: "ನಿಮ್ಮ ಪಂಚಾಯಿತಿಗೆ ನಾನು ಬರುವುದಿಲ್ಲ. ಆಟದ ಮಣೆ ಆಟದಲ್ಲಿಯೇ ಹೋಗಲಿ. ಆಟಿಯಲ್ಲಿ ಎಲ್ಲರೂ ಬನ್ನಿ, ಗೆದ್ದವರು ತಕ್ಕೊಂಡು ಹೋಗಿ."

ಆಟ ಯಾವುದು? ಭಾವ, ಎಂದರೆ ಅಕ್ಕನ ಗಂಡ, ಬಹ್ರೇನಿನಲ್ಲಿದ್ದಾಗ ಕಲಿತು ಬಂದ ಒಮಾಹಾ ಹೈ-ಲೋ ಪೋಕರ್. ಹಿಂದಿನ ಆಟಿಯಲ್ಲಿಯೇ ಅವರು ನಮಗೆಲ್ಲ ಅದರ ಹುಚ್ಚು ಹಿಡಿಸಿದ್ದರು. ಪ್ರತಿಯೊಬ್ಬರಿಗೂ ನಾಲ್ಕು ಎಲೆ, ಚಾಪೆಯ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಕೈಯಿಂದ ಎರಡು, ಚಾಪೆಯಿಂದ ಮೂರು ಸೇರಿಸಬೇಕು. ದೊಡ್ಡ ಕೈಯವರಿಗೆ ರಾಶಿಯ ಅರ್ಧ, ಎಂಟರವರೆಗಿನ ಎಲೆಗಳಲ್ಲೇ ಎಲ್ಲರಿಗಿಂತ ಸಣ್ಣ ಕೈ ಕೂಡಿಸಿದವರಿಗೆ ಇನ್ನರ್ಧ. ಅದೃಷ್ಟವಿದ್ದರೆ ಎರಡೂ ಒಬ್ಬರಿಗೇ. ಪಣಕ್ಕೆ ದುಡ್ಡಿಲ್ಲ, ಚೆನ್ನೆಯ ಮಂಜೊಟ್ಟಿಯೇ. ಬೀಜ ಮುಗಿದವರು ಎದ್ದು ಪತ್ರೊಡೆ ತಿನ್ನಲು ಹೋಗಬೇಕು.

ಹಿಂದಿನ ವರ್ಷ ಎಲ್ಲರಿಗಿಂತ ಮೊದಲು ಪತ್ರೊಡೆಗೆ ಎದ್ದವಳು ನಾನು. ಕೈ ಪೂರ್ತಿ ಕೂಡಿ ಬರುವ ತನಕ ಒಂದು ಬೀಜವನ್ನೂ ಮುಂದೆ ಹಾಕುತ್ತಿರಲಿಲ್ಲ. ಪ್ರತಿ ಸುತ್ತಿಗೆ ಕಡ್ಡಾಯವಾಗಿ ಇಡಬೇಕಾದ ಬೀಜಗಳೇ ನನ್ನ ರಾಶಿಯನ್ನು ತಿಂದು ಮುಗಿಸಿದವು. ಭಾವ ಆವತ್ತು ನಕ್ಕಿದ್ದರು. "ಶಶೀ, ನೀನು ಅಡುಗೆ ಆದ ಮೇಲೆ ಒಲೆ ಹಚ್ಚುವವಳು ಮಾರಾಯ್ತಿ. ಕೈ ಅರ್ಧ ಆಗಿರುವಾಗಲೇ ಬೀಜ ಸುರಿದು ಒತ್ತಬೇಕು. ಆಗ ಗೆಲ್ಲಲಿಕ್ಕೆ ಎರಡು ದಾರಿ ಉಂಟು. ಬೇರೆಯವರು ಹೆದರಿ ಎಲೆ ಬಿಸಾಡಬಹುದು. ಬಿಸಾಡದಿದ್ದರೆ ನಿನಗೆ ಬೇಕಾದ ಎಲೆ ಬರಬಹುದು. ಸುಮ್ಮನೆ ಕಾದರೆ ಒಂದೇ ದಾರಿ."

"ಎಲೆ ಬಾರದಿದ್ದರೆ?" ಎಂದು ಕೇಳಿದ್ದೆ.

"ಅದಕ್ಕೇ ಕಂಡಕಂಡ ಕೈಗೆ ಒತ್ತಬಾರದು. ದೊಡ್ಡದಕ್ಕೂ ಸಣ್ಣದಕ್ಕೂ ಎರಡೂ ಬಾಗಿಲು ತೆರೆದಿರುವ ಕೈ ಇರಬೇಕು."

ಈ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಪರ್ಕಳದ ಬಾಡಿಗೆ ಮನೆಯಿಂದ ಬನ್ನಂಜೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವವಳು ನಾನು. ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಸಾಕು, ಮೊಬೈಲಿನಲ್ಲಿ ಪುಕ್ಕಟೆ ಆಟ ತೆರೆದು ಅಭ್ಯಾಸ. ಒಮ್ಮೆ ಆಟದ ಗುಂಗಿನಲ್ಲಿ ಬನ್ನಂಜೆ ದಾಟಿಯೇ ಹೋಗಿತ್ತು. ಮೊದಮೊದಲು ಅರ್ಧ ಕೈಯಲ್ಲಿ ಒತ್ತುವಾಗ ಮೊಬೈಲಿನ ಸುಳ್ಳು ಬಿಲ್ಲೆಗಳ ಪಣಕ್ಕೂ ಎದೆ ಡವಡವ ಎನ್ನುತ್ತಿತ್ತು. ಆಮೇಲೆ ರೂಢಿಯಾಯಿತು. ಈ ಸಲ ಸೋತರೂ ಕಾದು ಕಾದು ಸೋಲುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡೇ ಕಾಪುವಿಗೆ ಹೋದೆ.

ಅಂದು ನನ್ನ ಆಟ ನೋಡಿ ನೆಂಟರೆಲ್ಲ ಬೆರಗಾದರು. ಸಂಜೆಯ ಚಹಾದ ಹೊತ್ತಿಗೆ ಉಳಿದವರು ಇಬ್ಬರೇ: ಅಕ್ಕ ಮತ್ತು ನಾನು. ಭಾವನೂ ನನ್ನ ಕೈಯಲ್ಲೇ ಸೋತು, ಎಲೆ ಹಂಚುವ ಕೆಲಸಕ್ಕೆ ಕೂತಿದ್ದರು. ಆಗ ಒಳಗಿನಿಂದ ಅತ್ತೆ ಬಂದವರು ಬಾಗಿಲಲ್ಲೇ ನಿಂತರು.

"ನಿಲ್ಲಿಸಿ! ಅಕ್ಕ ತಂಗಿ ಎದುರುಬದುರು ಕೂತು ಆಡುವುದಾ?"

"ಇದು ಚೆನ್ನೆ ಅಲ್ಲ ಅತ್ತೆ, ಇಸ್ಪೀಟು" ಎಂದೆ.

"ಬೀಜ ಮಂಜೊಟ್ಟಿಯೇ ಅಲ್ವಾ? ತಿಂಗಳು ಆಟಿಯೇ ಅಲ್ವಾ? ಮತ್ತೆಂತ?"

ಬೀಜ ಎಣಿಸಿ ಹಂಚುವಾಗ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಆಟ ಬಿಟ್ಟು ಏಳುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಕೊನೆಗೆ ಭಾವನೇ ಉಪಾಯ ಹೇಳಿದರು: "ಎದುರು ಕೂರಬಾರದು ಅಷ್ಟೇ ಅಲ್ವಾ? ಪಕ್ಕಪಕ್ಕ ಕೂರಲಿ." ಅತ್ತೆ ಮುಖ ಗಂಟಿಕ್ಕಿಯೇ ಒಪ್ಪಿದರು. ಅಕ್ಕ ಎದ್ದು ಬಂದು ನನ್ನ ಎಡಕ್ಕೆ ಕೂತಳು. ಭುಜಕ್ಕೆ ಭುಜ ತಾಗುತ್ತಿತ್ತು. ಎಲೆಗಳನ್ನು ಒಬ್ಬರಿಗೊಬ್ಬರು ಕಾಣದಂತೆ ಸೆರಗಿನ ಮರೆಯಲ್ಲಿ ಹಿಡಿದು ಆಡಿದೆವು.

ಅಕ್ಕನದ್ದು ಬಹಳ ಜಾಗ್ರತೆಯ ಆಟ. ಅರ್ಧ ಕೈಯಲ್ಲಿ ನಾನು ಒತ್ತಿದಾಗಲೆಲ್ಲ ಅವಳು ಎಲೆ ಬಿಸಾಡಿದಳು. ಹೀಗೆ ನನ್ನ ರಾಶಿ ಅವಳದ್ದಕ್ಕಿಂತ ತುಸು ದೊಡ್ಡದಾಯಿತು. ಆಗ ಬಂತು ಆ ಕೈ. ಕಳಾವರದ ಎಕ್ಕ, ಕಳಾವರದ ಎರಡು, ಜೊತೆಗೆ ಕೆಂಪು ಮೂರು, ಕೆಂಪು ರಾಣಿ. ಭಾವ ಚಾಪೆಯ ಮೇಲೆ ಮೊದಲ ಮೂರು ಎಲೆ ತೆರೆದರು: ಕಳಾವರದ ಏಳು, ಕಳಾವರದ ನಾಲ್ಕು, ಕೆಂಪು ಗುಲಾಮ. ನನ್ನ ಕೈಯಲ್ಲಿ ಒಂದು ಜೋಡಿಯೂ ಇಲ್ಲ. ಆದರೆ ಇನ್ನೊಂದು ಕಳಾವರ ಬಂದರೆ ಐದೂ ಕಳಾವರವಾಗಿ ದೊಡ್ಡ ಕೈ ನನ್ನದು, ಇನ್ನೊಂದು ಸಣ್ಣ ಎಲೆ ಬಂದರೆ ಸಣ್ಣ ಕೈಯೂ ನನ್ನದು. ಎರಡೂ ಬಾಗಿಲು ತೆರೆದಿತ್ತು. ಬೀಜಗಳನ್ನು ಎರಡೂ ಕೈಯಲ್ಲಿ ಬಾಚಿ ಎಲ್ಲವನ್ನೂ ನಡುವಿಗೆ ಸುರಿದೆ.

ಅಕ್ಕನ ಭುಜ ಅಲುಗಾಡುವುದು ನಿಂತಿತು. ಅವಳು ಎಲೆ ಬಿಸಾಡುತ್ತಾಳೆಂದೇ ನಾನು ಎಣಿಸಿದ್ದೆ. ಅವಳು ತನ್ನ ರಾಶಿಯನ್ನೂ ನಡುವಿಗೆ ತಳ್ಳಿದಳು. "ಎಷ್ಟು ಸಲ ಹೆದರುವುದು ನಿನಗೆ?" ಎಂದು ಎಲೆ ತೋರಿಸಿದಳು. ಅವಳ ಕೈಯಲ್ಲಿ ಎರಡು ಗುಲಾಮ! ಚಾಪೆಯದ್ದೂ ಸೇರಿ ಮೂರು. ನನ್ನ ಕಿವಿ ಬಿಸಿಯಾಯಿತು. ನಾಲ್ಕನೆಯ ಎಲೆ ಕೆಂಪು ಒಂಬತ್ತು, ನನಗೆ ಕವಡೆ ಕಾಸಿನ ಪ್ರಯೋಜನವಿಲ್ಲ. ಕೊನೆಯ ಎಲೆಯನ್ನು ಭಾವ ತೆರೆದರು. ಕಳಾವರದ ಐದು. ಕಳಾವರವೂ ಹೌದು, ಸಣ್ಣ ಎಲೆಯೂ ಹೌದು. ರಾಶಿಯ ಎರಡೂ ಅರ್ಧ ನನ್ನದಾಯಿತು. ನಾನು ಕೂಗಿದ ಕೂಗಿಗೆ ಅಂಗಳದ ನಾಯಿ ಬೊಗಳಿತು.

ಅಕ್ಕ ನಕ್ಕಳು, ಬೆನ್ನು ತಟ್ಟಿದಳು. ಆದರೆ ಆಮೇಲೆ ಅವಳ ಫೋನು ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ನಾನು ಮಾಡಿದರೆ "ಹೂಂ", "ಸರಿ", "ಕೆಲಸ ಉಂಟು" ಇಷ್ಟೇ. "ನಾನು ಹೇಳಲಿಲ್ವಾ?" ಎಂದು ಅತ್ತೆ ನನಗೆ ಎರಡೆರಡು ಸಲ ಹೇಳಿದರು. ಪರ್ಕಳದ ನನ್ನ ಕೋಣೆಯಲ್ಲಿ ಮಣೆ ಒಂಟಿಯಾಗಿ ಬಿದ್ದಿತ್ತು. ಅಜ್ಜಿಯ ಆಟ ಗೊತ್ತಿರುವವಳು ನನ್ನನ್ನು ಬಿಟ್ಟರೆ ಅಕ್ಕ ಒಬ್ಬಳೇ. ಯಾರ ಜೊತೆ ಆಡುವುದು? ಗಾಜಿನೊಳಗೆ ಹಾಕದಿದ್ದರೂ ನಾನು ಮಾಡಿದ್ದು ಅದನ್ನೇ ಎಂದು ಬಹಳ ಬೇಸರವಾಯಿತು.

ಮರುವರ್ಷ ಆಟಿ ಬಂತು. ಅವಳು ಕರೆಯಲಿ ಎಂದು ಕಾದೆ. ಒಂದು ಭಾನುವಾರ ನನಗೇ ನನ್ನ ಮೇಲೆ ಸಿಟ್ಟು ಬಂತು. ಮತ್ತೆ ಅಡುಗೆ ಆದ ಮೇಲೆ ಒಲೆ ಹಚ್ಚುವ ಕೆಲಸವಾ? ಮಣೆಯನ್ನು ಚೀಲಕ್ಕೆ ಹಾಕಿ, ಫೋನು ಸಹ ಮಾಡದೆ, ಕಾರ್ಕಳದ ಬಸ್ಸು ಹತ್ತಿದೆ. ಹಿರಿಯಡ್ಕ ದಾಟುವಾಗ ಇಳಿದು ಹಿಂದೆ ಹೋಗೋಣ ಅನಿಸಿತು. ಇಳಿಯಲಿಲ್ಲ.

ಬಾಗಿಲು ತೆರೆದ ಅಕ್ಕ ನನ್ನನ್ನೂ ಚೀಲವನ್ನೂ ನೋಡಿದಳು. ನಾನು ನೇರ ಒಳಗೆ ಹೋಗಿ ಊಟದ ಮೇಜಿನ ಮೇಲೆ ಮಣೆ ಇಟ್ಟು, ಗುಳಿಗೆ ನಾಲ್ಕು ನಾಲ್ಕರಂತೆ ಬೀಜ ತುಂಬಿದೆ. "ಕೂತುಕೋ" ಎಂದೆ.

"ಎದುರು ಕೂರಬಾರದು ಅಲ್ವಾ?"

"ಆಡಿದರೆ ಜಗಳವಾಗಿ ಮಾತು ನಿಲ್ಲುತ್ತದೆ ಅಂತ ತಾನೇ? ನಿಂತೇ ಒಂದು ವರ್ಷ ಆಯಿತು. ಇನ್ನು ಮುರಿಯಲಿಕ್ಕೆ ಎಂತ ಉಂಟು ಅಕ್ಕ?"

ಅವಳು ಕುರ್ಚಿ ಎಳೆದಳು, ನನ್ನ ಎದುರಿಗೇ ಕೂತಳು. ಕಣ್ಣು ಮುಚ್ಚಿ, ಅಜ್ಜಿಯ ಹಾಗೆ ಬೆರಳಿನಿಂದ ಗುಳಿ ತಡಕಿದಳು. ಮೊದಲ ಆಟದಲ್ಲಿಯೇ ನನ್ನನ್ನು ಬರಿಗೈ ಮಾಡಿ, "ಇಸ್ಪೀಟು ಗೆದ್ದ ಹಾಗೆ ಅಲ್ಲ ಇದು" ಎಂದು ನಕ್ಕಳು. ನನಗೆ ಅಳು ಬಂತು.

ಈಗ ಮಣೆ ಕಾರ್ಕಳದಲ್ಲಿದೆ. ಶೋಕೇಸಿನಲ್ಲಿ ಅಲ್ಲ, ಊಟದ ಮೇಜಿನ ಮೇಲೆ. ಎದುರುಬದುರು ಕೂತು ಆಡುವುದನ್ನು ಅತ್ತೆಗೆ ನಾವಿನ್ನೂ ಹೇಳಿಲ್ಲ.